ತೌಡಿನ ಪದಕ್ಕೆ ಅರ್ಥ ಹೇಳಿದ ಪಂಡಿತ

ಕಲ್ಲುಗೋಟೆಯ ದೊರೆ ವೀರಮಲ್ಲನಿಗೆ ಊಟಕ್ಕಿಂತ ಹೊಗಳಿಕೆಯ ಹಸಿವು ಹೆಚ್ಚು. ಅಂದು ಸಭೆಗೆ ಬಂದವನೇ ಎದೆಯುಬ್ಬಿಸಿದ.

"ಕೇಳಿರಯ್ಯಾ! ಅರಮನೆಯ ಭತ್ತ ಕುಟ್ಟುವ ಹೆಂಗಸರೂ ನನ್ನ ಮೇಲೆ ಪದ ಕಟ್ಟಿದ್ದಾರೆ! ಯಾವ ದೊರೆಗುಂಟು ಈ ಭಾಗ್ಯ?"

ವಿದೂಷಕ ಕೆಂಚಣ್ಣ ತಟ್ಟನೆ ದೊರೆಯತ್ತ ನೋಡಿದ. ಪದ ಕಟ್ಟಿದ ಚೌಡವ್ವನನ್ನೂ ಅವನು ಬಲ್ಲ, ಆ ಪದವನ್ನೂ ಬಲ್ಲ. ಒನಕೆಯ ಏಟಿಗೆ ಸರಿಯಾಗಿ ಹೆಂಗಸರು ದಿನವೂ ಹಾಡುವ ಪದ. ದೊರೆಗೆ ಅದು ಅರ್ಥವಾಗದಿರುವುದೇ ಆಕೆಯ ಪುಣ್ಯ.

ದೊರೆ ತಾನೇ ರಾಗವೆಳೆದ:

"ಅರಸರ ಕರುಣೆ ಏನ್ ಹೇಳಲೇ ತಂಗೆವ್ವ
ಬಿಳಿಯಕ್ಕಿ ಭಾರ ತಾನುಂಡು, ನಮಗೆಲ್ಲ
ಹಗುರಾದ ತೌಡು ಉಳಿಸ್ಯಾನ!"

ಸಭೆ "ಭಲೇ ಭಲೇ" ಎಂದಿತು. ಆಸ್ಥಾನ ಪಂಡಿತ ಭೈರವಾಚಾರ್ಯರಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. ತಿಳಿದದ್ದನ್ನು ಹೇಳದಿದ್ದರೆ ಅವರಿಗೆ ಹೊಟ್ಟೆಯುಬ್ಬರ.

"ಪ್ರಭು, ಇದು ಹೊಗಳಿಕೆಯಲ್ಲ. ವ್ಯಾಜಸ್ತುತಿ! ಹೊಗಳುವ ನೆಪದಲ್ಲಿ ಬೈಯುವ ಅಲಂಕಾರ!"

ದೊರೆಯ ಮುಖ ಕೆಂಪಾಯಿತು. "ಎಳೆದು ತನ್ನಿ ಪದ ಕಟ್ಟಿದವಳನ್ನು! ನಾಲಿಗೆ ಕತ್ತರಿಸಿ!"

ಚೌಡವ್ವ ಬಂದು ನಿಂತಳು. ತಲೆಯ ಮೇಲೆಲ್ಲ ತೌಡಿನ ಧೂಳು. ಕೆಂಚಣ್ಣ ಎದ್ದು ಕೈಮುಗಿದ.

"ಪ್ರಭು, ನಾನು ದಡ್ಡ. ಇದರಲ್ಲಿ ಬೈಗುಳ ಎಲ್ಲಿದೆ? ಪಂಡಿತರು ಬಿಡಿಸಿ ಹೇಳಲಿ."

"ಎಲ್ಲಿದೆಯೇ? ದೊರೆ ಅನ್ನವನ್ನೆಲ್ಲ ತಾನೇ ನುಂಗಿ, ಕುಟ್ಟಿದವರಿಗೆ ದನದ ಮೇವು ಬಿಸಾಡುತ್ತಾನೆ ಎಂದರ್ಥ!"

"ಸ್ವಲ್ಪ ಜೋರಾಗಿ, ಆಚಾರ್ಯರೇ. ಹಿಂದಿನವರಿಗೆ ಕೇಳಿಸಲಿಲ್ಲ."

ಪಂಡಿತರು ಗಂಟಲು ಹರಿಯುವಂತೆ ಕೂಗಿದರು. ಕೆಂಚಣ್ಣ ತಿರುಗಿದ. "ಚೌಡವ್ವ, ನೀನು ಕಟ್ಟಿದ ಪಲ್ಲಕ್ಕಿಯ ಪದವನ್ನೂ ಹಾಡವ್ವ."

"ಹಾಡಂದ್ರ ಹಾಡ್ತೀನ್ರಿ, ನಾಲಿಗಿ ಇರೋತನಕ," ಎಂದು ಚೌಡವ್ವ ದನಿ ತೆಗೆದಳು.

"ಬರಿಹೆಗಲು ನೋಡಿ ಮರುಗ್ಯಾನ ನಮ್ಮ ದೊರೆ
ಹೊರಲಿಕ್ಕೆ ಪಲ್ಲಕ್ಕಿ ಕೊಟ್ಟಾನ, ಗಂಡಗೆ
ಹೆಗಲಿನ ಒಡವೆ ತೊಡಿಸ್ಯಾನ!"

"ಒಡವೆಯಂತೆ ಒಡವೆ!" ಪಂಡಿತರಿಗೆ ಹುರುಪು ಬಂದಿತ್ತು. "ಈ ದೊರೆಯ ಮೈಭಾರಕ್ಕೆ ಪಲ್ಲಕ್ಕಿ ಹೊರುವ ಬೋಯಿಗಳ ಹೆಗಲು ಬಾತು ಗಂಟು ಕಟ್ಟಿದೆ. ಇವನು ಕೊಟ್ಟದ್ದು ಆ ಗಂಟೊಂದೇ ಎಂದು ಹೀಯಾಳಿಕೆ!"

ಬಾಗಿಲಲ್ಲಿದ್ದ ಬೋಯಿಗಳು ಹೆಗಲು ಮುಟ್ಟಿಕೊಂಡರು. ಯಾರೋ ಕಿಸಕ್ಕೆಂದರು.

"ಪ್ರಭು," ಎಂದ ಕೆಂಚಣ್ಣ, "ಈಕೆ ನಿಮ್ಮನ್ನು ಕರುಣಾಳು ಎಂದಳು. ನುಂಗುವವ, ಬಿಸಾಡುವವ, ಮೈಭಾರದವ ಎಂದದ್ದೆಲ್ಲ ಪಂಡಿತರು. ಅದೂ ತುಂಬಿದ ಸಭೆಯಲ್ಲಿ, ಕೂಗಿ ಕೂಗಿ. ಈಗ ಯಾರ ನಾಲಿಗೆ ಕತ್ತರಿಸೋಣ?"

ಭೈರವಾಚಾರ್ಯರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಅಷ್ಟು ಹೊತ್ತಿನಲ್ಲಿ ಅವರು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

"ಹಾಗಾದರೆ ಈ ಪದಕ್ಕೆ ಏನು ಮಾಡಲಿ?" ದೊರೆ ಹಲ್ಲು ಕಡಿದ.

"ಸುಳ್ಳು ಮಾಡಿ, ಪ್ರಭು! ನಾಳೆ ಕುಟ್ಟುವವರಿಗೆ ಬಿಳಿ ಅನ್ನ ಬಡಿಸಿದರೆ ಪದ ತಾನಾಗಿ ಸಾಯುತ್ತದೆ. ನಾಲಿಗೆ ಕತ್ತರಿಸಿದರೆ ಮಾತ್ರ, ಪಂಡಿತರ ನೆರವಿಲ್ಲದೆಯೇ ಊರಿಗೆಲ್ಲ ಅರ್ಥವಾಗುತ್ತದೆ."

ಸಭೆಯೆಲ್ಲ ದೊರೆಯನ್ನೇ ನೋಡುತ್ತಿತ್ತು. ದೊರೆ ನಗಬೇಕಾಯಿತು, ನಕ್ಕ. ಅನ್ನ ಬಡಿಸಲು ಅಪ್ಪಣೆಯಾಯಿತು. ಚೌಡವ್ವ ನಾಲಿಗೆ ಸಮೇತ ಮನೆಗೆ ಹೋದಳು.

ಮರುದಿನ ಹೆಂಗಸರು ಅನ್ನ ಉಂಡು ಒನಕೆ ಹಿಡಿದರು. ಹೊಸ ಪದ ಅರಮನೆಯ ಕಿಟಕಿಗೂ ಕೇಳಿಸಿತು:

"ಜಾಣಾನೇ ನಮ್ಮ ದೊರೆ ಏನ್ ಹೇಳಲೇ ತಂಗೆವ್ವ
ಕುಟ್ಟೋರಿಗೂ ಹೊಟ್ಟಿ ಐತೆಂದು, ಪಂಡಿತರು
ಬಿಡಿಸಿ ಹೇಳಿದರ ತಿಳಿದಾನ!"

ದೊರೆ ಹುಬ್ಬು ಗಂಟಿಕ್ಕಿದ. "ಆಚಾರ್ಯರೇ, ಇದು ಹೊಗಳಿಕೆಯೋ, ಬೈಗುಳವೋ?"

ಪಂಡಿತರು ಕೆಂಚಣ್ಣನ ಕಡೆ ನೋಡಿದರು. ಬಾಯೊಳಗೆ ನಾಲಿಗೆ ಹೊರಳಿಸಿ, ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಂಡರು.

"ಶುದ್ಧ ಹೊಗಳಿಕೆ, ಪ್ರಭು!"