ಹೂಜಿಯ ಮೈಮೇಲಿನ ಬರಹ

ಹಾಲೆಂಡಿನ ಸಾಹುಕಾರನೊಬ್ಬನ ಗಾಜಿನ ಕಪಾಟಿನಲ್ಲಿ, ಚೀನಾದಿಂದ ಹಡಗೇರಿ ಬಂದ ಪಿಂಗಾಣಿ ಹೂಜಿಯೊಂದು ಒಂಟಿಯಾಗಿ ಕೂತಿತ್ತು. ತನ್ನ ಭಾಷೆ ಕಿವಿಗೆ ಬಿದ್ದು ಅದಕ್ಕೆ ಎಷ್ಟೋ ಕಾಲವಾಗಿತ್ತು. ಒಂದು ದಿನ ಪಕ್ಕಕ್ಕೆ ಇನ್ನೊಂದು ಹೂಜಿ ಬಂತು. ಅದೇ ಬಿಳುಪು, ಅದೇ ನೀಲಿ ಗೋಪುರ, ಮೈಮೇಲೆ ಸಾಲಾಗಿ ಬರಹ. ಮುದಿ ಹೂಜಿಗೆ ಹೋದ ಜೀವ ಬಂದಂತಾಯಿತು.

“ಯಾವೂರು, ತಂಗೀ?”

“ಇದೇ ಊರು, ಅಕ್ಕಾ. ಹಿಂದಿನ ಬೀದಿಯ ಕುಂಬಾರರ ಮನೆ. ನಿಮ್ಮ ಕಡೆಯ ಹೂಜಿ ನೋಡಿಕೊಂಡು ನನ್ನ ಮೇಲೂ ಬರೆದರು. ಏನು ಬರೆದಿದೆಯೆಂದು ಬರೆದವನಿಗೇ ಗೊತ್ತಿಲ್ಲವಂತೆ. ನೀವಾದರೂ ಓದಿ ಹೇಳಿ.”

ಬರಹದಲ್ಲಾದರೂ ತವರಿನದೊಂದು ಮಾತು ಸಿಕ್ಕೀತೆಂದು ಮುದಿ ಹೂಜಿ ಆಸೆಯಿಂದ ಕಣ್ಣಾಡಿಸಿತು. ಗೆರೆಗಳಿದ್ದವು, ಚುಕ್ಕೆಗಳಿದ್ದವು, ಅಕ್ಷರ ಒಂದೂ ಇರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಹುಡುಕಿತು.

“ಏನಂತಕ್ಕಾ? ಕೆಟ್ಟದ್ದೇನಾದರೂ ಬರೆದಿದೆಯೇ?”

“ಇಲ್ಲ, ತಾಯೀ. ‘ಈಕೆ ನಮ್ಮೂರ ಮಗಳು’ ಎಂದು ಬರೆದಿದೆ.”

ಎಳೆಯ ಹೂಜಿ ಹಿಗ್ಗಿ ಹೀರೇಕಾಯಿಯಾಯಿತು. ಎಂದೂ ಕಾಣದ ತವರನ್ನು ಅದು ಅವತ್ತೇ ಸೇರಿಬಿಟ್ಟಿತು. ಓದಿ ಹೇಳಿದ ಹೂಜಿಗೆ ಮಾತ್ರ ತವರು ಇನ್ನಷ್ಟು ದೂರವಾಯಿತು.