ಚಂದ್ರಭಾಗಿ ಓದಿದ ಸುದ್ದಿ

ಬಹಳ ಹಿಂದೆ, ಯಾವ ಕಾಲ ಅಂತ ನನ್ನನ್ನು ಕೇಳಬೇಡಿ, ಹೊಳೆ ಹೋಗಿ ಕಡಲಿಗೆ ಬೀಳುವಲ್ಲಿ ಮೀನು ಹಿಡಿಯುವ ಖಾರ್ವಿಗಳ ಒಂದು ಕೇರಿ ಇತ್ತು. ಆ ಕೇರಿಯಲ್ಲಿ ಚಂದ್ರಭಾಗಿ ಅಂತ ಒಬ್ಬಳಿದ್ದಳಂತೆ. ಅವಳಪ್ಪ ಹಡಗಿನ ಹಾಯಿ ಹೊಲಿಯುವವನು. ಕೆಲಸ ಹುಡುಕಿಕೊಂಡು ಕಡಲಾಚೆಯ ಒಂದು ಬಂದರಿಗೆ ಹೋದ. ಅಲ್ಲೇ ಚಂದ್ರಭಾಗಿ ಹುಟ್ಟಿದಳು, ಅವಳ ತಂಗಿ ಶೇವಂತಿ ಹುಟ್ಟಿದಳು. ಇಬ್ಬರಿಗೂ ಆ ನಾಡಿನ ಮಾತು ಮನೆಮಾತಿನಷ್ಟೇ ಸಲೀಸು. ತಂಗಿ ಅಲ್ಲೇ ಮದುವೆಯಾಗಿ ಉಳಿದಳು. ಅಕ್ಕನನ್ನು ಈಚೆ ಕೇರಿಗೆ ಕೊಟ್ಟರು. ವರ್ಷ ತುಂಬುವ ಮೊದಲೇ, ಮೀನಿಗೆ ಹೋದ ಗಂಡ ತಿರುಗಿ ಬರಲಿಲ್ಲ.

ಆ ಹೊತ್ತಿಗೆ ಸರ್ಕಾರ ರಾಜಧಾನಿಯಲ್ಲಿ ಹೊರದೇಶಗಳಿಗೆ ಮಾತಾಡುವ ರೇಡಿಯೋ ಕಟ್ಟಿತ್ತಂತೆ. ಮೊದಲು ಯುದ್ಧಕ್ಕೆಂದು ಒಂದೇ ಭಾಷೆ. ಯುದ್ಧ ಮುಗಿಯಿತು, ಭಾಷೆಗಳು ಹೆಚ್ಚಿದವು. ಒಂದೊಂದು ಭಾಷೆಗೆ ಒಂದೊಂದು ಕೋಣೆ. ಒಂದು ಕೋಣೆಯವರ ಮಾತು ಪಕ್ಕದ ಕೋಣೆಯವರಿಗೆ ತಿಳಿಯದು. ಆ ಬಂದರಿನ ಮಾತು ಬಲ್ಲವರು ಬೇಕಾದಾಗ ಚಂದ್ರಭಾಗಿಯನ್ನು ಕರೆದೊಯ್ದರು.

ಅವಳು ಸುದ್ದಿ ಓದಿದರೆ ಆ ಬಂದರಿನ ದೋಣಿಯವರು ಹುಟ್ಟು ಎತ್ತಿ ಹಿಡಿದು ಕೇಳುತ್ತಿದ್ದರಂತೆ. ಅಳುವ ಕೂಸು ಸುಮ್ಮನಾಗುತ್ತಿತ್ತಂತೆ. ಶೇವಂತಿಯಂತೂ ದಿನಾ ಸಂಜೆ ರೇಡಿಯೋದ ಮುಂದೆ ಕೂತು, ಅಕ್ಕ ಮನೆಗೇ ಬಂದಳೇನೋ ಅನ್ನುವ ಹಾಗೆ ನಗುತ್ತಿದ್ದಳಂತೆ.

ಹೀಗಿರುವಾಗ ಆ ಬಂದರಿನಲ್ಲಿ ಗಲಭೆ ಎದ್ದಿತು. ಹೊರಗಿನಿಂದ ಬಂದವರ ಅಂಗಡಿ ಸುಟ್ಟರು, ಮನೆ ಹೊಕ್ಕರು. ಬೇರೆ ದೇಶದ ರೇಡಿಯೋಗಳು ಬೆಳಗಿನಿಂದ ಅದನ್ನೇ ಹೇಳುತ್ತಿದ್ದವು. ಆದರೆ ಎರಡು ಸರ್ಕಾರಗಳ ನಡುವೆ ಏನೋ ಒಪ್ಪಂದದ ಮಾತು ನಡೆದಿತ್ತಂತೆ. ಚಂದ್ರಭಾಗಿಯ ಕೈಗೆ ಬಂದ ಹಾಳೆಯಲ್ಲಿ, ಬಂದರು ಶಾಂತವಾಗಿದೆ, ನಮ್ಮವರು ಯಾರೂ ಊರು ಬಿಡಬೇಕಾಗಿಲ್ಲ ಅಂತ ಇತ್ತು.

"ಸಾರ್, ಅಲ್ಲಿ ಬೆಂಕಿ ಬಿದ್ದಿದೆಯಂತಲ್ಲ," ಅಂದಳಂತೆ. "ನನ್ನ ತಂಗಿ ಇದ್ದಾಳೆ ಅಲ್ಲಿ."

"ಮಾತು ನಮ್ಮದಮ್ಮ," ಅಂದನಂತೆ ಅಧಿಕಾರಿ. "ನಿಮ್ಮದು ದನಿ ಮಾತ್ರ."

ಚಂದ್ರಭಾಗಿ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ತಾನು ಓದದಿದ್ದರೆ ಇನ್ನೊಬ್ಬರು ಓದುತ್ತಾರೆ ಅಂದುಕೊಂಡಳು. ಸರ್ಕಾರಕ್ಕೆ ತನಗಿಂತ ಹೆಚ್ಚು ಗೊತ್ತಿರಬಹುದು ಅಂತಲೂ ಅಂದುಕೊಂಡಳು. ನೀರು ಕುಡಿದು ಓದಿದಳು. ದನಿ ಒಂದಿಷ್ಟೂ ನಡುಗಲಿಲ್ಲವಂತೆ. ನಡುಗಿದ್ದರೂ ಸಾಕಿತ್ತು.

ಆಚೆ, ಬಂದರಿನ ಧಕ್ಕೆಯಲ್ಲಿ, ಕೊನೆಯ ಹಡಗು ನಮ್ಮವರನ್ನು ತುಂಬಿಕೊಂಡು ಹೊರಡುವುದರಲ್ಲಿತ್ತು. ಶೇವಂತಿಯೂ ಗಂಡ, ಮಕ್ಕಳ ಜೊತೆ ಹತ್ತಿ ಕೂತಾಗಿತ್ತು. ಧಕ್ಕೆಯ ಚಾದಂಗಡಿಯ ರೇಡಿಯೋದಲ್ಲಿ ಚಂದ್ರಭಾಗಿಯ ದನಿ ಬಂತು.

"ನಮ್ಮಕ್ಕ ಅದು! ಅವಳು ಸುಳ್ಳು ಹೇಳೋಳಲ್ಲ, ಇಳೀರಿ," ಅಂದು ಶೇವಂತಿ ಮನೆಯವರನ್ನೆಲ್ಲ ಇಳಿಸಿದಳಂತೆ. ಅವಳನ್ನು ನೋಡಿ ಇನ್ನಷ್ಟು ಮನೆಯವರು ಇಳಿದರು. ಹಡಗಿನಲ್ಲಿದ್ದವರು ಬದುಕಿದರು. ಇಳಿದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಹಡಗು ನಡೆಸಿದ ತಾಂಡೇಲನೇ ರಾಜಧಾನಿಗೆ ಹೋಗಿ ಅಕ್ಕನಿಗೆ ಇದನ್ನು ಹೇಳಿದನಂತೆ. ಆ ಸಂಜೆ ಚಂದ್ರಭಾಗಿ ಹಾಳೆ ಹರಿದೆಸೆದು, ನಿಜವನ್ನು ಲೋಕಕ್ಕೆಲ್ಲ ಕೂಗಿ ಹೇಳಿದಳು ಅನ್ನುವವರಿದ್ದಾರೆ. ಕೇಳಲಿಕ್ಕೆ ಚೆನ್ನಾಗಿದೆ. ನಮ್ಮ ಹಿರಿಯರು ಹಾಗೆ ಹೇಳಲಿಲ್ಲ. ಆ ಸಂಜೆಯೂ ಅವಳು ಕೊಟ್ಟದ್ದನ್ನೇ ಓದಿದಳಂತೆ, ಕೊನೆಯ ಸಾಲಿನವರೆಗೂ ಓದಿದಳಂತೆ. ಹೊರಗೆ ಬಂದು ಊರ ದಾರಿ ಹಿಡಿದಳು. ಆಮೇಲೆ ಸಾಯುವವರೆಗೂ ಯಾರ ಜೊತೆಗೂ, ಯಾವ ಭಾಷೆಯಲ್ಲೂ ಒಂದು ಮಾತೂ ಆಡಲಿಲ್ಲ.

ಅವಳ ಕೋಣೆಗೆ ಬೀಗ ಬಿತ್ತು. ಕೇಳುವವರೇ ಇಲ್ಲ ಅಂತ ಕಾರಣ ಕೊಟ್ಟರಂತೆ. ಮುಂದೆ ಒಂದೊಂದೇ ಭಾಷೆ ನಿಂತು, ಆ ರೇಡಿಯೋವೇ ನಿಂತಿತು.

ಇವತ್ತಿಗೂ ನಮ್ಮ ಕೇರಿಯಲ್ಲಿ ದೋಣಿ ಹತ್ತಿ ಕೂತವರನ್ನು ಇಳಿ ಅಂತ ಯಾರೂ ಕರೆಯುವುದಿಲ್ಲ. ಮೋಡ ಕಟ್ಟಿದ್ದರೂ ಕರೆಯುವುದಿಲ್ಲ. ಹೆತ್ತವಳು ಕೂಡ ಬಾಯಿಗೆ ಸೆರಗು ಒತ್ತಿಕೊಂಡು, ಮುಖ ತಿರುಗಿಸಿ ನಿಲ್ಲುತ್ತಾಳೆ.