ಹಾಗಲಬಳ್ಳಿಗೆ ಪೈಪಿನ ಚಪ್ಪರ

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ಸ್ವಲ್ಪ ತಡೀರಿ. ನಗು ಎಲ್ಲಿಗೂ ಓಡಿಹೋಗಲ್ಲ.

ದೇವೀರಮ್ಮ ಅಂತ ಒಬ್ಬಳು. ಅವಳಿಗೆ ಸಿಂಗ್ರ ಅಂತ ಒಬ್ಬನೇ ಮಗ. ಆಳು ನೋಡಿದ್ರೆ ತೊಲೆ ಮುಟ್ತಿದ್ದ, ಬುದ್ಧಿ ನೋಡಿದ್ರೆ ಮೊಣಕಾಲಿಗೂ ಬರ್ತಿರಲಿಲ್ಲ. ಹೇಳಿದ ಮಾತು ಕೇಳ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನೇ ಮಾಡ್ತಿದ್ದ, ಅದೇ ಅವಳ ಕರ್ಮ!

ಆ ವರ್ಷ ದೇವೀರಮ್ಮನ ಹತ್ರ ಉಳಿದಿದ್ದು ಒಂದೇ ಒಂದು ಹಾಗಲಬೀಜ. ಬಿಳಿ ಹಾಗಲ. ಮದುವೇಲಿ ಅವಳವ್ವ ಸೆರಗಿಗೆ ಕಟ್ಟಿ ಕಳಿಸಿದ್ದ ತಳಿ. ಮಿಕ್ಕಿದ್ದೆಲ್ಲ ಇಲಿ ಪಾಲಾಗಿತ್ತು. ಇದೊಂದು ಹೋದ್ರೆ ಅವ್ವನ ತಳಿಯೇ ಹೋಯ್ತು ಅಂತ ದೇವರಿಗೆ ಕೈಮುಗಿದು ಹಿತ್ತಲಲ್ಲಿ ಊರಿದಳು. ಪುಣ್ಯಕ್ಕೆ ಬೀಜ ಮೊಳೀತು. ಚಪ್ಪರ ಹಾಕೋಣ ಅಂದ್ರೆ ಮನೇಲಿದ್ದ ಬಿದಿರಿನ ಗಳಕ್ಕೆಲ್ಲ ಗೆದ್ದಲು.

“ಮಗಾ, ಮೇಲಿನಕೇರಿ ಮಾವ ಹಳೇ ಪ್ಲಾಸ್ಟಿಕ್ ಪೈಪು ಕೊಡ್ತೀನಿ ಅಂದವ್ನೆ. ಗೆದ್ದಲು ಹತ್ತಲ್ಲ, ಇಲಿ ಕಡಿಯಲ್ಲ. ಹೆಗಲ ಮೇಲೆ ಅಡ್ಡ ಇಟ್ಕೊಂಡು ಬಾ.”

ಸಿಂಗ್ರ ಹೋದ. ನಾಲ್ಕು ಪೈಪು ಹೆಗಲ ಮೇಲೆ ಅಡ್ಡಡ್ಡ ಇಟ್ಕೊಂಡು ಬಂದ. ಆ ಕಡೆ ತುದಿಗೆ ಒಬ್ಬರ ಬೇಲಿ, ಈ ಕಡೆ ತುದಿಗೆ ಒಬ್ಬರ ಒಗೆದ ಬಟ್ಟೆ! ಮನೆ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಸಂಜೆ ದೇವೀರಮ್ಮ ಹೊಲದಿಂದ ಬಂದಾಗಲೂ ನಿಂತೇ ಇದ್ದ.

“ಏನೋ ಇಲ್ಲಿ ನಿಂತಿದ್ದೀಯ?”

“ಬಾಗಿಲು ಅಗಲ ಆಗ್ಲಿ ಅಂತ ಕಾಯ್ತಿದ್ದೀನಿ ಕಣವ್ವ.”

“ಅಯ್ಯೋ ಮಂಕುದಿಣ್ಣೆ! ಹಿಡಿಸ್ದೆ ಇದ್ರೆ ಗರಗಸ ತಗೊಂಡು ತುಂಡು ಮಾಡಿ ತರಬೇಕು!”

ತುಂಡು ಮಾಡಿದ. ಒಂದೂವರೆ ಆಳೆತ್ತರದ ಎಂಟು ಕಂಬ ಆದವು, ಹಿತ್ತಲಲ್ಲಿ ನೆಟ್ಟರು. ಮೇಲೆ ಹಗ್ಗ ಹೆಣೆಯೋಕೆ ಏಣಿ ಬೇಕು.

“ಪಕ್ಕದ ಮನೆ ಪಾಪಣ್ಣನ ಏಣಿ ಕೇಳ್ಕೊಂಡು ಬಾರೋ.”

ಸಿಂಗ್ರ ಏಣಿ ತಂದ. ಬಾಗಿಲಲ್ಲಿ ಹಿಡಿಸಲಿಲ್ಲ. ಅವ್ವ ಹೇಳಿದ್ದು ನೆನಪಾಯ್ತು. ಗರಗಸ ತಗೊಂಡ!

“ಮೆಟ್ಟಿಲಿಗೊಂದು ತುಂಡು ಮಾಡಿದ್ದೀನಿ ಕಣವ್ವ, ಸಲೀಸಾಗಿ ಹಿಡಿಸ್ತು!”

ಪಾಪಣ್ಣ ಕೂಗಾಡಿ ಊರು ಕೇರಿ ಒಂದು ಮಾಡಿಬಿಟ್ಟ. ದೇವೀರಮ್ಮ ಅವನ ಕೈಕಾಲು ಹಿಡಿದು ಸಮಾಧಾನ ಮಾಡಿ ಮಗನ ಕಡೆ ತಿರುಗಿದಳು. “ನಿನ್ನ ಬುದ್ಧಿಗೆ ಮಣ್ಣು ಹಾಕ! ಬೇರೆಯವರದ್ದು ಕುಯ್ಯಬಾರದು ಕಣೋ. ನಮ್ಮನೇಲಿ ಇದ್ರೆ ಮೆತ್ತಗೆ ಹೆಗಲ ಮೇಲೆ ಹೊತ್ತು ಅವರ ಜಗಲಿ ಮೇಲೆ ಇಟ್ಟು ಬರಬೇಕು!”

“ಹೂಂ ಕಣವ್ವ.”

ಒರಳಿನ ಮೇಲೆ ಹತ್ತಿ ಹೇಗೋ ಹಗ್ಗ ಹೆಣೆದರು. ಮೂರನೇ ದಿನ ಪಾಪಣ್ಣನ ಮೇಕೆ ಹಿತ್ತಲಿಗೆ ನುಗ್ತು. ಹಾಗಲಬಳ್ಳಿಗೆ ಬಾಯಿ ಹಾಕ್ತು. ಸಿಂಗ್ರ ಗದರಿಸಲಿಲ್ಲ. ಅದು ಬೇರೆಯವರದ್ದು ತಾನೇ! ಮೇಕೆ ತಿನ್ನೋದು ಮುಗಿಸೋ ತನಕ ಕಾದ, ಮೆತ್ತಗೆ ಹೆಗಲ ಮೇಲೆ ಹೊತ್ತ, ಪಾಪಣ್ಣನ ಜಗಲಿ ಮೇಲೆ ಇಟ್ಟು ಬಂದ. “ಹುಡುಗನಿಗೆ ಈಗ ಬುದ್ಧಿ ಬಂತು” ಅಂದ ಪಾಪಣ್ಣ.

ಇತ್ತ ಬಳ್ಳೀಲಿ ಉಳಿದಿದ್ದು ಎರಡೇ ಗೆಣ್ಣು. ದೇವೀರಮ್ಮ ಅದರ ಮುಂದೆ ಕೂತು ಕಣ್ಣೀರು ಹಾಕಿದಳು. “ಬಳ್ಳಿ ಹತ್ರ ಏನೇ ಬಂದ್ರೂ ಟವಲ್ ಬೀಸಿ ಓಡಿಸಬೇಕು ಕಣೋ! ಏನೇ ಬಂದ್ರೂ!”

ಬಳ್ಳಿ ಗಟ್ಟಿ ಜೀವ. ಮತ್ತೆ ಚಿಗುರ್ತು, ಪೈಪಿಗೆ ಸುತ್ಕೊಳ್ತು, ಚಪ್ಪರ ತುಂಬ ಹಳದಿ ಹೂವು ಬಿಟ್ಟಿತು. ಹೂವಿಗೆ ಜೇನು ಬಂತು. ಸಿಂಗ್ರ ಟವಲ್ ಬೀಸಿದ. ಮತ್ತೆ ಬಂತು, ಮತ್ತೆ ಬೀಸಿದ. ದಿನಾ ಬೀಸಿದ. ಹೂವೆಲ್ಲ ಬರಿದೇ ಉದುರಿಹೋಯ್ತು. ಅವನು ರಾಗಿ ಬೀಸಿಸೋಕೆ ಗಿರಣಿಗೆ ಹೋಗಿದ್ದ ದಿನ ಮಾತ್ರ ಒಂದೇ ಒಂದು ಕಾಯಿ ಕಚ್ಚಿತು.

“ಜೇನು ಮುಟ್ಟದೆ ಕಾಯಿ ಹೇಗೋ ಕಚ್ಚುತ್ತೆ, ದಡ್ಡ ಶಿಖಾಮಣಿ!” ಅಂತ ದೇವೀರಮ್ಮ ಹಣೆ ಹಣೆ ಚಚ್ಕೊಂಡಳು.

ಅಷ್ಟರಲ್ಲಿ ತಂಗಿ ಮಗಳ ಬಾಣಂತನಕ್ಕೆ ಅವಳು ತಂಗಿ ಊರಿಗೆ ಹೋಗಬೇಕಾಯ್ತು. ಹೋಗೋ ಮುಂಚೆ ಮಗನ್ನ ಕೂರಿಸಿಕೊಂಡು ಹೇಳಿದಳು: “ಕಾಯಿ ಹಣ್ಣಾಗ್ಲಿ. ಬೀಜ ತೆಗಿ, ಬೂದಿ ಸವರಿ ಒಣಗಿಸು. ಗೆದ್ದಲು ಹತ್ತದ ಕಡೆ, ಇಲಿ ಕಡಿಯದ ಕಡೆ ಇಡು. ಬಳ್ಳಿ ಒಣಗಿದ ಮೇಲೆ ಚಪ್ಪರ ಬಿಚ್ಚು. ಅಷ್ಟೇ ಕಣಪ್ಪ!”

ತಿಂಗಳು ಕಳೆದು ಬಂದಳು. ಕಾಲು ತೊಳೀದೇ ಕೇಳಿದಳು.

“ಬೀಜ ಎಲ್ಲೋ?”

“ಪೈಪಿನೊಳಗೆ ಹಾಕಿದ್ದೀನಿ ಕಣವ್ವ. ಗೆದ್ದಲು ಹತ್ತಲ್ಲ, ಇಲಿ ಕಡಿಯಲ್ಲ, ನೀನೇ ಹೇಳಿದ್ದೆ!”

“ಪೈಪೆಲ್ಲೋ?”

“ಅದು ಮಾವಂದಲ್ವಾ? ಹೆಗಲ ಮೇಲೆ ಅಡ್ಡ ಹೊತ್ಕೊಂಡು ಹೋಗಿ ಅವರ ಜಗಲಿ ಮೇಲೆ ಇಟ್ಟು ಬಂದೆ.”

ದೇವೀರಮ್ಮ ಮೇಲಿನಕೇರಿಗೆ ಬಿದ್ದಂಬೀಳ ಓಡಿದಳು. ಒಂದೊಂದೇ ಪೈಪು ಎತ್ತಿ ಕಣ್ಣಿಟ್ಟು ನೋಡಿದಳು. ಎಂಟರಲ್ಲೂ ಆಚೆ ತುದೀಲಿ ಬರೀ ಬೆಳಕು. ಅವತ್ತು ಅವಳು ಮಗನ್ನ ಬೈಯಲಿಲ್ಲ. ಉಣ್ಣಲೂ ಇಲ್ಲ. “ಅವ್ವ ಇನ್ನೊಂದು ಸಲ ಸತ್ತಂಗಾಯ್ತು ಕಣೋ” ಅಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಸಿಂಗ್ರನೂ ಉಣ್ಣದೆ ಅವಳ ಕಾಲ ಹತ್ರ ಕೂತಿದ್ದ.

ಆಮೇಲೆ ಒಳ್ಳೇ ಮಳೆ ಬಂತು. ಒಂದು ದಿನ ದೇವೀರಮ್ಮ ಮೇಲಿನಕೇರಿ ದಾರೀಲಿ ಹೋಗ್ತಿದ್ದಳು, ಬೇಲಿ ಬುಡದಲ್ಲಿ ಒಂದು ಸಸಿ. ಎಲೆ ಹಿಸುಕಿ ಮೂಸಿದಳು. ಹಾಗಲ! ಮುಂದಿನ ಬೇಲಿ ಬುಡದಲ್ಲಿ ಇನ್ನೊಂದು. ಆ ಕಡೆ ಒಂದು, ಈ ಕಡೆ ಒಂದು. ಪೈಪಿನ ಎರಡು ತುದಿಯಿಂದಲೂ ದಾರಿಯುದ್ದಕ್ಕೂ ಬೀಜ ಉದುರಿತ್ತು! ಎಣಿಸಿದಳು, ಹದಿನಾಲ್ಕು. ಓಡಿಬಂದು ಮಗನಿಗೆ ದೃಷ್ಟಿ ತೆಗೆದಳು.

“ನನ್ನಪ್ಪನೇ! ಒಂದೊಂದು ಸಸಿಗೂ ಒಂದೊಂದು ಪೈಪು ನೆಟ್ಟು ಆಸರೆ ಕೊಡು. ಆದ್ರೆ ನೋಡು, ಬೇರೆಯವರದ್ದು ಮಾತ್ರ ಕುಯ್ಯಬೇಡ!”

“ಹೂಂ ಕಣವ್ವ.”

ಬೆಳಗಾಗಿ ನೋಡಿದ್ರೆ ಊರಿನ ಹೆಂಗಸರೆಲ್ಲ ಖಾಲಿ ಕೊಡ ಹಿಡ್ಕೊಂಡು ದೇವೀರಮ್ಮನ ಬಾಗಿಲಲ್ಲಿ. ಯಾರ ನಲ್ಲೀಲೂ ಒಂದು ತೊಟ್ಟು ನೀರಿಲ್ಲ. ಅಷ್ಟರಲ್ಲಿ ಸಿಂಗ್ರ ಕಂಕುಳಲ್ಲಿ ಗರಗಸ ಇಟ್ಕೊಂಡು, ಬೆವರು ಒರೆಸ್ಕೊಂಡು ಬಂದ.

“ಹದಿನಾಲ್ಕಕ್ಕೂ ನೆಟ್ಟು ಬಂದೆ ಕಣವ್ವ. ಬೇರೆಯವರದ್ದು ಮುಟ್ಟಲಿಲ್ಲ, ಮಾವಂದೂ ಮುಟ್ಟಲಿಲ್ಲ. ನೀರಿನ ಟ್ಯಾಂಕಿಂದ ಬರ್ತಿತ್ತಲ್ಲ, ನಮ್ಮೂರಿನ ಪೈಪು, ಅದನ್ನೇ ಕುಯ್ದೆ!”

ಹೊಸ ಪೈಪು ಬರೋಕೆ ಮೂರು ತಿಂಗಳು ಹಿಡೀತು, ಅಲ್ಲೀ ತನಕ ಊರಿನವರು ಬಾವಿ ನೀರು ಹೊತ್ತರು. ಹೋಗ್ತಾ ಸಿಂಗ್ರನ್ನ ಬೈಯೋರು, ಬರ್ತಾ ದಾರೀಲಿ ಎರಡು ಬಿಳಿ ಹಾಗಲ ಕಿತ್ತು ಮಡಿಲಿಗೆ ಹಾಕ್ಕೊಳ್ಳೋರು. ಈಗ ನಗ್ರಪ್ಪಾ, ನಾನು ಎಲೆಯಡಿಕೆ ಹಾಕ್ಕೊಳ್ತೀನಿ.